ಬೂದಿದಿಬ್ಬ ಸಂಸ್ಕೃತಿಯ ಮೇಲ್ಪದರ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಧೂಳನ್ನು ಕುರಿತು ಒಂದು ಶಾಸ್ತ್ರೀಯ ಅಧ್ಯಯನ

ರಾಯಚೂರು ಸೀಮೆಯ ಚರಿತ್ರೆ ಬೂದಿಯಿಂದಲೇ ಆರಂಭವಾಗುತ್ತದೆ ಎಂಬುದು ಈಗ ವಿದ್ವಾಂಸರು ಒಪ್ಪಿದ ಮಾತು. ಒಪ್ಪುವ ಮುಂಚೆ ಅವರು ಸಾಕಷ್ಟು ಜಗಳಾಡಿದ್ದರು. ಹಂಪಿ ಪಕ್ಕದ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯ ಚಿತೆ ಎಂದರು. ಇಂಥ ದಿಬ್ಬಗಳನ್ನು ಕಂಡ ಕೆಲವು ಪಂಡಿತರು ಲೋಹ ಕರಗಿಸಿದ ಕಿಟ್ಟ ಎಂದರು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಅಗೆದ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಮುಂದೆ ಉಟ್ನೂರಿನಲ್ಲೂ ಅಗೆದು, ಇದು ನವಶಿಲಾಯುಗದ ದನದ ದೊಡ್ಡಿಯಲ್ಲಿ ಸುಟ್ಟ ಸಗಣಿ ಎಂದು ತೋರಿಸಿಕೊಟ್ಟರು.

ಪ್ರಸ್ತುತ ಪ್ರಬಂಧದ ವಸ್ತು ಅದರ ಮೇಲಿನ ಪದರ.

ಈ ಪದರದ ಕಾಲನಿರ್ಣಯ ಸುಲಭ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು. ಎಡದಂಡೆ ನಾಲೆಯ ನೀರು ಬಂತು. ಜೋಳದ ಹೊಲ ಭತ್ತದ ಗದ್ದೆಯಾಯಿತು. ಭತ್ತದ ಬೆನ್ನಿಗೆ ಮಿಲ್ಲು ಬಂತು. ಒಂದು ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು. ಆ ಹೊಟ್ಟನ್ನೇ ಬಾಯ್ಲರಿಗೆ ಸುರಿದರೆ ಸುಮಾರು 4 ಕಿಲೋ ಬೂದಿ, ಅದರಲ್ಲಿ ಬಹುಪಾಲು ಸಿಲಿಕಾ. ದನಗಾಹಿಗಳು ತಲೆಮಾರುಗಟ್ಟಲೆ ಕೂಡಿಹಾಕಿದ್ದನ್ನು ಮಿಲ್ಲು ಒಂದೇ ಸುಗ್ಗಿಯಲ್ಲಿ ಕೂಡಿಹಾಕಬಲ್ಲದು. ಇನ್ನೊಂದು ವ್ಯತ್ಯಾಸವೂ ಉಂಟು: ಪ್ರಾಚೀನರ ಬೂದಿ ಬಿದ್ದಲ್ಲೇ ಬಿದ್ದಿತ್ತು, ಆಧುನಿಕರದ್ದು ಸಂಚಾರಿ.

ಕ್ಷೇತ್ರಕಾರ್ಯಕ್ಕೆಂದು ಪ್ರಬಂಧಕಾರ ಸಿಂಧನೂರಿನ ಒಂದು ಓಣಿ ಹೊಕ್ಕ. ಅಂಗಳದ ಕಟ್ಟೆ, ತೊಳೆದಿಟ್ಟ ಕೊಡದ ಕಂಠ, ತಂತಿಯ ಮೇಲಿನ ಯೂನಿಫಾರ್ಮ್, ಎಲ್ಲದರ ಮೇಲೂ ಅರೆಬೆಂದ ಹೊಟ್ಟಿನ ಕರಿ ಚೂರು. ಊದಿದರೆ ಹಾರುತ್ತದೆ, ಒರೆಸಿದರೆ ಗೀರಾಗಿ ಹತ್ತಿಕೊಳ್ಳುತ್ತದೆ. ಪ್ರಮಾಣೀಕೃತ ಮಾಪಕ ಯಾವುದಿದೆ ಎಂದು ಕೇಳಿದಾಗ ವಕ್ತೃವೊಬ್ಬರು ಮಾಳಿಗೆಯತ್ತ ಕೈ ಮಾಡಿದರು: “ಮಾಳಿಗಿ ಮ್ಯಾಲೆ ಸಂಡಿಗಿ ಹಾಕಿದ್ರ ಸಂಜಿಕ ಎಳ್ಳು ಉದುರಿಸಿದಂಗ ಕಾಣ್ತಾವ್ರಿ ಸರ. ಎಳ್ಳಾದ್ರ ತಿನ್ನಬಹುದಿತ್ತು.” ಈ ವಿಧಾನ ಅಗ್ಗದ್ದು, ವಿದ್ಯುತ್ ಬೇಡದ್ದು. ಆದರೂ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಇಲ್ಲ.

ಲಿಂಗಸುಗೂರಿನದು ಶ್ವೇತ ಪರಂಪರೆ. ಅಲ್ಲಿ ಧೂಳಿಗೆ ಮೂಲ ಕಲ್ಲು: ಕ್ವಾರಿ, ಕ್ರಷರ್, ಮತ್ತು ಎಲ್ಲಕ್ಕೂ ಹಿರಿಯದಾದ ಹಟ್ಟಿ ಚಿನ್ನದ ಗಣಿ. ಟನ್ನುಗಟ್ಟಲೆ ಕಲ್ಲನ್ನು ಹಿಟ್ಟು ಮಾಡಿದರೆ ಟನ್ನಿಗೆ ಕೆಲವೇ ಗ್ರಾಂ ಬಂಗಾರ. ಬಂಗಾರ ಊರು ಬಿಡುತ್ತದೆ, ಹಿಟ್ಟು ಊರಲ್ಲೇ ಉಳಿಯುತ್ತದೆ. ಕಲ್ಲಿನ ಸಿಲಿಕಾ ಪುಡಿ ವರ್ಷಗಟ್ಟಲೆ ಎದೆಗೆ ಇಳಿದರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ಈ ವಾಕ್ಯದಲ್ಲಿ ಅಣಕವಿಲ್ಲ.

ಎರಡು ಪರಂಪರೆಗಳ ಸಮನ್ವಯ ಮಸ್ಕಿಯಲ್ಲಿ. ಲಾರಿಗಳು ಎರಡೂ ಕಡೆಯಿಂದ ಆ ಊರನ್ನು ಹಾದೇ ಹೋಗಬೇಕು. ಅಲ್ಲಿನ ಅಶೋಕನ ಶಾಸನವನ್ನು 1915ರಲ್ಲಿ ಕಂಡವನು ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತಪಡಿಸಿದ ಬಂಡೆ ಅದು. ರಸ್ತೆಬದಿಗೆ ಆಲದ ಮರ ನೆಡಿಸಿದ ಸಂಗತಿಯನ್ನು ಅರಸ ಈಗ ದೂರದ ದಿಲ್ಲಿಯಲ್ಲಿರುವ ಸ್ತಂಭದ ಮೇಲೆ ಬರೆಸಿದ್ದಾನೆ; ಕಾರ್ಖಾನೆಯ ಸುತ್ತ ಹಸಿರು ಪಟ್ಟಿ ಬೆಳೆಸಬೇಕೆಂಬ ಷರತ್ತು ಮಸ್ಕಿಗೆ ಬಂದು ಮುಟ್ಟದಿರುವುದಕ್ಕೆ ಇದೇ ಕಾರಣವಿರಬಹುದು. ಮಸ್ಕಿಯ ಬಂಡೆ ಹೇಳುವುದು ಬೇರೆ: ಗುರಿ ಮುಟ್ಟುವುದು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯ. ಇದು ಧರ್ಮದ ಮಾತೆಂದು ಇತಿಹಾಸಕಾರರು ತಿಳಿದಿದ್ದಾರೆ. ಇದು ಧೂಳಿನ ಮಾತು ಎಂಬುದು ಈ ಪ್ರಬಂಧದ ನಮ್ರ ಪ್ರತಿಪಾದನೆ. 10 ಮೈಕ್ರಾನ್ ಮೀರಿದ ಕಣ ಮೂಗು ಗಂಟಲಲ್ಲೇ ಸಿಕ್ಕಿಬೀಳುತ್ತದೆ, 2.5ಕ್ಕಿಂತ ಸಣ್ಣದು ಶ್ವಾಸಕೋಶದ ತುದಿ ಮುಟ್ಟುತ್ತದೆ. ಮಿಲ್ಲಿನ ಚಿಮಣಿಗೆ ಜೋಡಿಸುವ ಸೈಕ್ಲೋನ್ ಕೂಡ ಗಾಳಿಯನ್ನು ಗಿರಗಿರ ತಿರುಗಿಸಿ ದಪ್ಪನೆಯವನ್ನು ಹಿಡಿಯುತ್ತದೆ, ಸಣ್ಣವನ್ನು ಬಹುಮಟ್ಟಿಗೆ ಹರಸಿ ಕಳಿಸುತ್ತದೆ. ಅವನ್ನು ಹಿಡಿಯಲು ಬಟ್ಟೆಚೀಲದ ಫಿಲ್ಟರ್ ಬೇಕು, ಅದಕ್ಕೆ ದುಡ್ಡು ಬೇಕು.

ಇನ್ನು ಶಾಸ್ತ್ರವಿಚಾರ. ಪೂರ್ವಪಕ್ಷ: “ಮಿಲ್ಲು ಕಟ್ಟಿದಾಗ ಇಲ್ಲಿ ಮನೆ ಎಲ್ಲಿದ್ದವು? ಊರೇ ಬೆಳೆದು ನಮ್ಮ ಹತ್ತಿರ ಬಂತು.” ವಾದ ಪೂರ್ತಿ ಸುಳ್ಳಲ್ಲ, ಲೇಔಟಿಗೆ ಸಹಿ ಹಾಕಿದ ಕೈಯೂ ಇದರಲ್ಲಿ ಪಾಲುದಾರ. ಆದರೆ ಹಳೆಯ ಮಿಲ್ಲಿಗೆ ಬೇರೆ ಗಾಳಿ ಎಂದು 1981ರ ವಾಯು ಕಾಯ್ದೆ ಎಲ್ಲೂ ಹೇಳಿಲ್ಲ.

ಸಿದ್ಧಾಂತ: 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಜನವಸತಿಯ ಗಾಳಿಯಲ್ಲಿ 10 ಮೈಕ್ರಾನಿನೊಳಗಿನ ಕಣ 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು. (ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 45. ಅದು ಪರದೇಶದ ಶ್ವಾಸಕೋಶಕ್ಕೆ ಎಂದು ತಿಳಿಯಬೇಕು.) ಕ್ರಷರಿಗಾದರೆ ಲೆಕ್ಕ ಬೇರೆ: ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದಾಗ ಒಟ್ಟು ತೇಲುಕಣ 600 ಮೀರಬಾರದು. ಅಲ್ಲಿ ಅಳೆಯುವುದು ಎಲ್ಲ ಗಾತ್ರದ ಕಣ, ಇಲ್ಲಿ ಸಣ್ಣವು ಮಾತ್ರ. ಎರಡನ್ನೂ ನೇರ ತಾಳೆ ಹಾಕಲು ಬರುವುದಿಲ್ಲ. ಹೀಗಾಗಿ ಗೇಟಿನೊಳಗೆ ಪಾಸಾದ ಧೂಳು ಪಕ್ಕದ ಶಾಲೆಯಲ್ಲಿ ಏನಾಯಿತು ಎಂಬುದಕ್ಕೆ ಕ್ರಷರಿನ ಅಳತೆಯ ವರದಿಯಲ್ಲಿ ಉತ್ತರವಿಲ್ಲ. ಇನ್ನು 24 ಗಂಟೆಯ ಸರಾಸರಿಯ ಮಹಿಮೆ: ನಸುಕಿನಲ್ಲಿ ಬಾಯ್ಲರ್ ಕಾರಿದ ಹೊಗೆ ಮಧ್ಯಾಹ್ನದ ಗಾಳಿಯೊಂದಿಗೆ ಕೂಡಿ ಭಾಗಿಸಿ ಸಂಭಾವಿತವಾಗುತ್ತದೆ. ತಪ್ಪಿದವರಿಗೆ ಶಿಕ್ಷೆ? ಅನುಮತಿ, ಹೊರಸೂಸುವಿಕೆಯ ನಿಯಮ ಮುರಿದರೆ ಮೊದಲು ಒಂದೂವರೆ ವರ್ಷದಿಂದ ಆರು ವರ್ಷದ ಜೈಲು ಬರೆದಿತ್ತು. 2024ರ ಏಪ್ರಿಲ್ 1ರಿಂದ ಅದು 10 ಸಾವಿರದಿಂದ 15 ಲಕ್ಷ ರೂಪಾಯಿಯ ದಂಡವಾಗಿದೆ.

ಪ್ರಬಂಧದ ಸಲಹೆಗಳು ಕೆಲವೇ: ಬೂದಿಗೆ ನೀರು ಹೊಡೆದು ಸಾಗಿಸುವುದು, ಟ್ರಾಲಿಗೆ ತಾಡಪಾಲು ಕಟ್ಟುವುದು, ಕ್ರಷರಿಗೆ ಗಾಳಿ ತಡೆಯುವ ಗೋಡೆ, ಆವರಣದೊಳಗೆ ಗಟ್ಟಿ ರಸ್ತೆ. ಇವುಗಳಲ್ಲಿ ಹೊಸದೇನಿದೆ, ಬಹುಪಾಲು ಸರ್ಕಾರಿ ಷರತ್ತಿನಲ್ಲೇ ಅಚ್ಚಾಗಿವೆಯಲ್ಲ ಎಂದು ಪರೀಕ್ಷಕರು ಆಕ್ಷೇಪಿಸಿದರೆ ಪ್ರಬಂಧಕಾರ ತಲೆಬಾಗುತ್ತಾನೆ. ಪದವಿಗೆ ಬೇಕಾದ ಸ್ವಂತಿಕೆ ಉಳಿದಿರುವುದು ಒಂದೇ ಸಲಹೆಯಲ್ಲಿ: ಅಳೆಯುವ ಯಂತ್ರವನ್ನು ಮಿಲ್ಲಿನ ಖರ್ಚಿನಲ್ಲಿ ಶಾಲೆಯ ಮಾಳಿಗೆಗೆ ಏರಿಸಿ, ರಾತ್ರಿ ಪಾಳಿಯ ಅಂಕಿಯನ್ನು ಸರಾಸರಿಗೆ ಬೆರೆಸದೆ ಬೇರೆಯಾಗಿ ಬರೆದು, ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ನೋಟಿಸ್ ಬೋರ್ಡಿಗೆ ಹಚ್ಚಬೇಕು.