ಬೇಲಿಯಾಚೆಯಿಂದ ಬಂದ ‘ನಿಮ್ಮವರು’

“ಮೇಷ್ಟ್ರೇ, ನಿಮ್ಮವರ ಕೆಮ್ಮು ಹೇಗಿದೆ? ರಾತ್ರಿ ಎರಡು ಸಲ ಕೇಳಿಸ್ತು.”

ಬೆಳಿಗ್ಗೆ ಆರೂವರೆಗೆ ಹಾಲಿನ ಪ್ಯಾಕೆಟ್ ತರಲು ಬಾಗಿಲು ತೆಗೆದರೆ ಬೇಲಿಯಾಚೆಯಿಂದ ಇಂಥದೊಂದು ವಿಚಾರಣೆ ಬಂದೇ ಬರುತ್ತದೆ. ಕೇಳುವ ಅಕ್ಕನಿಗೆ ಎಪ್ಪತ್ತಾರು. ನನಗೆ ಅರವತ್ತೆಂಟು. ಕೆಮ್ಮುವವರಿಗೆ ಎಪ್ಪತ್ತೊಂದು. ನಡುವೆ ಎದೆಮಟ್ಟದ ಬೇಲಿ, ಬೇಲಿಯ ತುಂಬ ಜಾಜಿ ಬಳ್ಳಿ. ಬಳ್ಳಿಯ ಬೇರು ನಮ್ಮ ಕಡೆ, ಹೂವೆಲ್ಲ ಅವರ ಕಡೆ.

‘ನಿಮ್ಮವರು’ ಎನ್ನುವುದು ನಮ್ಮ ಕಡೆಯ ಹೆಂಗಸರ ಮಾತು. ಗಂಡನ ಹೆಸರು ಹಿಡಿದು ಕರೆಯದ ಕಾಲದ್ದು. ‘ನಮ್ಮೋರು ಇನ್ನೂ ಬಂದಿಲ್ಲ’, ‘ನಿಮ್ಮೋರಿಗೆ ಹುಳಿ ಆಗುತ್ತಾ’ ಎಂದು ನಮ್ಮಮ್ಮ ನಲ್ಲಿಯ ಹತ್ತಿರ ಆಡುತ್ತಿದ್ದದ್ದು ಕೇಳಿಕೊಂಡೇ ನಾನು ಬೆಳೆದದ್ದು. ಅದರಲ್ಲಿ ಪ್ರೀತಿ ಎಂದು ಎಲ್ಲಿಯೂ ಹೇಳಿಲ್ಲ. ಯಾರು ಯಾರಿಗೆ ಸೇರಿದವರು ಎನ್ನುವುದಷ್ಟೇ ಇದೆ. ನಾವಿಬ್ಬರು ಈ ಮನೆಗೆ ಬಂದದ್ದು 1997ರಲ್ಲಿ. ಹದಿನೇಳು ವರ್ಷ ಅವರು ಅಕ್ಕನ ಬಾಯಲ್ಲಿ ‘ನಿಮ್ಮ ಫ್ರೆಂಡು’ ಆಗಿದ್ದರು. ಆಮೇಲೆ ಒಂದು ದಿನ ‘ನಿಮ್ಮವರು’ ಆದರು. ಆ ದಿನದ ಮಾತು ಮುಂದೆ ಹೇಳುತ್ತೇನೆ.

ಅವರು ಅಂಚೆ ಇಲಾಖೆಯಲ್ಲಿದ್ದವರು, ನಾನು ಹೈಸ್ಕೂಲು ಮೇಷ್ಟ್ರು. ಪರಿಚಯವಾದದ್ದು 1986ರಲ್ಲಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತದ ಚಪ್ಪರದಡಿ. ಎರಡು ವರ್ಷ ಕಳೆದು ಹನುಮಂತನಗರದ ಒಂದು ವಠಾರದಲ್ಲಿ ಕೋಣೆ ಹಿಡಿದೆವು. ಎಂಟು ಮನೆ, ಒಂದೇ ನಲ್ಲಿ. ಇಬ್ಬರು ಗಂಡಸರು ಯಾಕೆ ಒಟ್ಟಿಗಿದ್ದಾರೆ ಎಂದು ವಠಾರದಲ್ಲಿ ಯಾರೂ ಕೇಳಲಿಲ್ಲ. ಬ್ಯಾಚಲರುಗಳು ಬಾಡಿಗೆ ಹಂಚಿಕೊಳ್ಳುವುದು ಊರಿಗೇ ಗೊತ್ತಿದ್ದ ವಿಷಯ. ವಠಾರದವರಿಗೆ ಬೇಕಿದ್ದದ್ದು ನಮಗೆ ಮದುವೆ ಯಾವಾಗ ಎಂಬುದರ ಉತ್ತರ. ಭಾನುವಾರ ಬಂತೆಂದರೆ ಯಾರಾದರೊಬ್ಬರು ಜಾತಕ ಹಿಡಿದು ಬರುತ್ತಿದ್ದರು.

ನನಗೆ ಕುಜದೋಷವಿದೆ ಎಂದು ಸುಳ್ಳು ಹೇಳಿದೆ. ವಠಾರಕ್ಕೆ ಹೇಳಿದ ಸುಳ್ಳು ಊರಿಗೂ ಮುಟ್ಟಿತು. ಅಮ್ಮ ನಂಬಿದಳು. ಮಗನ ದೋಷ ಕಳೆಯಲೆಂದು ಮಂಗಳವಾರ ಉಪವಾಸ ಹಿಡಿದವಳು 2003ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ನಿಜ ಹೇಳಿದ್ದರೆ ಅವಳು ಅಳುತ್ತಿದ್ದಳು, ಇರಬಹುದು. ಆದರೆ ಆ ಮಂಗಳವಾರಗಳಲ್ಲಿ ಊಟ ಮಾಡುತ್ತಿದ್ದಳು. ಈ ಒಂದು ಲೆಕ್ಕ ನನಗೆ ಇವತ್ತಿಗೂ ಸರಿಹೋಗಿಲ್ಲ.

ಈಗಿನ ಮನೆಯ ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ ಇಬ್ಬರು ಹುಡುಗರಿದ್ದಾರೆ, ಕಂಪ್ಯೂಟರ್ ಕೆಲಸದವರು. ಸಂಜೆ ಕೈ ಕೈ ಹಿಡಿದುಕೊಂಡೇ ತರಕಾರಿಗೆ ಹೋಗುತ್ತಾರೆ. “ಆಗೆಲ್ಲ ಹೇಗಿದ್ರಿ ಅಂಕಲ್? ಬರೀ ಭಯಾನೇನಾ?” ಎಂದು ಒಬ್ಬ ಕೇಳಿದ. ಭಯ ಇತ್ತಪ್ಪ, ಇಲ್ಲ ಎನ್ನುವುದಿಲ್ಲ. ಮನೆಯಲ್ಲಿ ಎರಡು ಮಂಚ ಇಟ್ಟಿದ್ದೆವು. ಒಂದರ ಮೇಲೆ ಯಾರೂ ಮಲಗುತ್ತಿರಲಿಲ್ಲ. ಆದರೂ ಬಂದವರ ಕಣ್ಣಿಗೆಂದು ಅದರ ಹೊದಿಕೆಯನ್ನು ವಾರಕ್ಕೊಮ್ಮೆ ಬದಲಾಯಿಸುತ್ತಿದ್ದೆವು. 1990ರಲ್ಲಿ ಮುಂಬಯಿಯಿಂದ ‘ಬಾಂಬೆ ದೋಸ್ತ್’ ಎಂಬ ಪತ್ರಿಕೆ ಶುರುವಾಯಿತು. ಗೆಳೆಯರೊಬ್ಬರ ಚೀಲದಲ್ಲಿ ಬಂದ ಒಂದು ಸಂಚಿಕೆಯನ್ನು ಕಿಟಕಿ ಮುಚ್ಚಿಕೊಂಡು ಓದಿದೆವು. ಅಂಚೆಯಲ್ಲಿ ತರಿಸೋಣವೆಂದರೆ ಅಂಚೆಯವರಾದ ನಮ್ಮವರೇ ಬೇಡವೆಂದರು. ಕಂದು ಲಕೋಟೆಯನ್ನು ಎಷ್ಟು ಕೈ ಮುಟ್ಟುತ್ತವೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? 1994ರಲ್ಲಿ ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯು’ ಎಂಬ ಗುಂಪು ಕಟ್ಟಿದರು. ಅಲ್ಲಿಗೆ ಎರಡು ಸಲ ಹೋಗಿ ಹಿಂದೆ ಕುಳಿತು ಬಂದೆವು. ಮೂರನೆಯ ಸಲ ನನಗೆ ಧೈರ್ಯ ಸಾಲಲಿಲ್ಲ. ಮಕ್ಕಳಿಗೆ ಪಾಠ ಹೇಳುವವನು ನಾನು, ಯಾರಾದರೂ ನೋಡಿದರೆ?

ಆದರೆ ಭಯವಷ್ಟೇ ಅಲ್ಲ ಎಂದು ಆ ಹುಡುಗನಿಗೆ ಹೇಳಿದೆ. ನಾವು ಬದುಕನ್ನೂ ಮಾಡಿದೆವು. ಹೋಗಲಾಗದ ಸಭೆಗಳಿದ್ದವು, ಹೋಗಬಹುದಾದ ಕಛೇರಿಗಳೂ ಇದ್ದವು. ಮೂವತ್ತಕ್ಕೂ ಹೆಚ್ಚು ರಾಮನವಮಿ ಒಂದೇ ಸಾಲಿನಲ್ಲಿ ಪಕ್ಕಪಕ್ಕ ಕುಳಿತು ಸಂಗೀತ ಕೇಳಿದ್ದೇವೆ. ಕೊನೆಯ ಕಾರ್ತಿಕ ಸೋಮವಾರ ಬಸವನಗುಡಿ ಪರಿಷೆಯಲ್ಲಿ ಕಡಲೆಕಾಯಿ ಕೊಳ್ಳದ ವರ್ಷವಿಲ್ಲ. ಅವರು ಸಾರಿಗೆ ಬೆಲ್ಲ ಹಾಕುವವರು, ನಾನು ಹಾಕದವನು. ಆ ಜಗಳಕ್ಕೆ ಈಗ ಸುಮಾರು ನಲವತ್ತು ವರ್ಷ. ಪತ್ರಿಕೆಗಳು ನಮ್ಮಂಥವರಿಗೆ ಸಲಿಂಗಕಾಮಿ ಎಂದು ಬರೆಯುತ್ತಿದ್ದಾಗ ನನಗೆ ಸಿಟ್ಟು ಬರುತ್ತಿದ್ದದ್ದು ಇದಕ್ಕೇ. ಆ ಮಾತಿನಲ್ಲಿ ಕಾಮ ಒಂದೇ ಇದೆ. ಬೆಲ್ಲದ ಜಗಳ ಎಲ್ಲಿದೆ? ರಾತ್ರಿ ಎದ್ದು ಬಿಸಿನೀರು ಕಾಯಿಸಿ ಕೊಡುವುದು ಎಲ್ಲಿದೆ? ಸಲಿಂಗಪ್ರೇಮಿ ಎಂದು ಬರೆಯತೊಡಗಿದ ಮೇಲೆ ಸ್ವಲ್ಪ ಸಮಾಧಾನ. ಹುಡುಗರು ಗೇ ಎನ್ನುತ್ತಾರೆ. ಒಂದೇ ಅಕ್ಷರ, ಹೇಳುವುದಕ್ಕೂ ಸುಲಭ.

2008ರ ಜೂನ್ 29, ಭಾನುವಾರ. ತರಕಾರಿಗೆ ಗಾಂಧಿ ಬಜಾರಿಗೆ ಹೋಗುತ್ತೇವೆ ಎಂದು ಹೇಳಿಕೊಂಡೇ ಹೋದೆವು. ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ ನ್ಯಾಷನಲ್ ಕಾಲೇಜಿನಿಂದ ಟೌನ್ ಹಾಲಿನ ಕಡೆಗೆ ಹೊರಟಿತ್ತು. ದಿಲ್ಲಿ, ಕೋಲ್ಕತ್ತಾಗಳಲ್ಲೂ ಅವತ್ತೇ. ತಮಟೆ ಬಡಿಯುತ್ತ, ಕುಣಿಯುತ್ತ ನಡೆದವರಲ್ಲಿ ಮುಖವಾಡ ಹಾಕಿಕೊಂಡವರೂ ಇದ್ದರು. ನಾವು ಪಾದಚಾರಿ ದಾರಿಯ ಮೇಲೆ ನಿಂತೆವು. ಬದನೆಕಾಯಿಯ ಚೀಲ ಅವರ ಕೈಯಲ್ಲಿತ್ತು. ಮೆರವಣಿಗೆ ಮುಂದೆ ಹೋದ ಮೇಲೆ ಚೀಲ ಕೆಳಗಿಟ್ಟು ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಬೀದಿಯಲ್ಲಿ ನೋಡಿದ್ದು ಅದೊಂದೇ ಸಲ.

ಕೋರ್ಟಿನ ತೀರ್ಪುಗಳೆಲ್ಲ ನಮ್ಮ ಮನೆಯಲ್ಲಿ ಹಬ್ಬ ಮತ್ತು ತರಕಾರಿಯ ಲೆಕ್ಕದಲ್ಲಿ ನೆನಪಾಗುತ್ತವೆ. 1860ರಲ್ಲಿ ಇಂಗ್ಲಿಷರು ಮಾಡಿದ ದಂಡಸಂಹಿತೆಯ 377ನೇ ಕಲಮನ್ನು ವಯಸ್ಕರ ಒಪ್ಪಿತ ಸಂಬಂಧಕ್ಕೆ ಅನ್ವಯಿಸಬಾರದು ಎಂದು ದಿಲ್ಲಿ ಹೈಕೋರ್ಟು ಹೇಳಿದ್ದು 2009ರ ಜುಲೈ 2ರಂದು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದ್ದು 2013ರ ಡಿಸೆಂಬರ್ 11ರಂದು, ಅವರೆಕಾಯಿಯ ಕಾಲದಲ್ಲಿ. ನಮ್ಮಂಥವರು ಸಂಖ್ಯೆಯಲ್ಲಿ ತೀರಾ ಅತ್ಯಲ್ಪ ಎಂಬುದೂ ತೀರ್ಪಿನ ಕಾರಣಗಳಲ್ಲೊಂದು. ಅವತ್ತು ಸಂಜೆ ಅಕ್ಕ ಬೇಲಿಯಾಚೆ, ನಾನು ಈಚೆ ಅವರೆಕಾಯಿ ಸುಲಿಯುತ್ತಿದ್ದೆವು. ಒಳಗಿನಿಂದ ಟೀವಿ ಕೇಳಿಸುತ್ತಿತ್ತು. ನನ್ನ ಕೈ ನಿಂತಿತು. ಅಕ್ಕ ನನ್ನ ಮುಖ ನೋಡಿದರು, ಟೀವಿ ಕೇಳಿಸಿಕೊಂಡರು, ಮತ್ತೆ ಮುಖ ನೋಡಿದರು. ಏನೂ ಅನ್ನಲಿಲ್ಲ. ನನ್ನ ಮುಂದಿದ್ದ ಮೊರವನ್ನು ಬೇಲಿಯ ಮೇಲಿಂದ ಎತ್ತಿಕೊಂಡು ನನ್ನ ಪಾಲನ್ನೂ ತಾವೇ ಸುಲಿದುಕೊಟ್ಟರು.

ಅದೇ ವರ್ಷ ವಸುಧೇಂದ್ರರ ‘ಮೋಹನಸ್ವಾಮಿ’ ಬಂದಿತ್ತು. ನಮ್ಮಂಥವರ ಕಥೆ ನಮ್ಮ ಕನ್ನಡದಲ್ಲಿ, ನಮ್ಮ ಊರುಗಳ ಹುಡುಗರ ಹೆಸರಿನಲ್ಲಿ. ಅದನ್ನು ಓದಲು ನನಗೆ ಐವತ್ತಾರು ವರ್ಷ ಬೇಕಾಯಿತು. ಅಕ್ಕ ತ್ರಿವೇಣಿಯವರ ಕಾದಂಬರಿಗಳಿಂದ ಹಿಡಿದು ಸಿಕ್ಕಿದ್ದೆಲ್ಲ ಓದುವವರು. ಸಂಕ್ರಾಂತಿಯ ಎಳ್ಳು ಬೀರಲು ಬಂದಾಗ ಮೇಜಿನ ಮೇಲಿದ್ದ ಪುಸ್ತಕ ನೋಡಿ, “ಇದು ಚೆನ್ನಾಗಿದ್ಯಾ ಮೇಷ್ಟ್ರೇ?” ಎಂದರು. ಒಂದು ಗಳಿಗೆ ತಡೆದೆ. ಆಮೇಲೆ ಕೊಟ್ಟೆ.

ಮೂರು ದಿನ ಬೇಲಿಯ ಹತ್ತಿರ ಅಕ್ಕ ಕಾಣಲಿಲ್ಲ. ಆ ಮೂರು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ನಾಲ್ಕನೆಯ ದಿನ ಪುಸ್ತಕ ಬಂತು, ಅದರ ಮೇಲೊಂದು ಮುಚ್ಚಿದ ಬಟ್ಟಲು. “ಪಾಯಸಕ್ಕೆ ಬೆಲ್ಲ ಕಮ್ಮಿ ಹಾಕಿದೀನಿ. ನಿಮ್ಮವರಿಗೆ ಶುಗರ್ ಅಲ್ವಾ?” ಎಂದರು. ಪುಸ್ತಕದ ಬಗ್ಗೆ ಒಂದು ಮಾತೂ ಇಲ್ಲ. ಬಟ್ಟಲನ್ನು ಖಾಲಿ ಹಿಂತಿರುಗಿಸಬಾರದಲ್ಲ, ಮರುದಿನ ಅದರ ತುಂಬ ಜಾಜಿ ಮೊಗ್ಗು ಹಾಕಿ ಕೊಟ್ಟೆ. ಕೊಡುವಾಗ ನನ್ನ ಕೈ ನಡುಗುತ್ತಿತ್ತು.

ಮತ್ತೆ ಕೋರ್ಟಿನ ಮಾತಿಗೆ ಬಂದರೆ, ಕೆ.ಎಸ್. ಪುಟ್ಟಸ್ವಾಮಿಯವರನ್ನು ಇಲ್ಲಿ ನೆನೆಯಬೇಕು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರಿಗೂ ನಮ್ಮ ಗೋಳಿಗೂ ಸಂಬಂಧವಿರಲಿಲ್ಲ. ಆದರೆ ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಒಬ್ಬರ ಒಲವು ಯಾರ ಕಡೆಗೆ ಎನ್ನುವುದೂ ಅದರೊಳಗೆ ಬರುತ್ತದೆ, ತಲೆ ಎಣಿಸಿ ಹಕ್ಕು ಕೊಡುವುದಲ್ಲ ಎಂದೂ ಬರೆದರು. ಮನೆಯಲ್ಲಿ ಆರಾಮಾಗಿ ಇರಬಹುದಾಗಿದ್ದ ಹಿರಿಯರೊಬ್ಬರು ಎದ್ದು ಹೊರಟದ್ದರಿಂದ ನಮ್ಮ ಬಾಗಿಲೂ ತೆರೆಯಿತು. 2018ರ ಸೆಪ್ಟೆಂಬರ್ 6, ಗುರುವಾರ, ಗಣೇಶನ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಐವರು ನ್ಯಾಯಮೂರ್ತಿಗಳು ಆ ಹಳೆಯ ಕಲಮಿನ ಹಿಡಿತದಿಂದ ನಮ್ಮನ್ನು ಬಿಡಿಸಿದರು. ಇತಿಹಾಸವೇ ಈ ಜನರ ಕ್ಷಮೆ ಕೇಳಬೇಕು ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ನಾನು ನಿವೃತ್ತನಾಗಿ ಆಗಲೇ ಒಂದು ವರ್ಷವಾಗಿತ್ತು. ಮೂವತ್ತನಾಲ್ಕು ವರ್ಷ ಪಾಠ ಹೇಳಿದೆ. ಅದರಲ್ಲಿ ನಾಲ್ಕೂವರೆ ವರ್ಷ ಬಿಟ್ಟರೆ ಉಳಿದಷ್ಟೂ ದಿನ ಕಾನೂನಿನ ಕಣ್ಣಿಗೆ ಅಪರಾಧಿಯಾಗಿ ಹಾಜರಿ ಕೂಗಿದ್ದೇನೆ.

ನಮ್ಮಂಥವರ ಮದುವೆಯ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2023ರ ಅಕ್ಟೋಬರ್ 17ರಂದು, ನವರಾತ್ರಿಯ ಮೂರನೆಯ ದಿನ. ಮದುವೆ ಮೂಲಭೂತ ಹಕ್ಕಲ್ಲ ಎಂದು ಐವರು ನ್ಯಾಯಮೂರ್ತಿಗಳೂ ಹೇಳಿದರು. ಸಂಜೆ ಅಕ್ಕನ ಮನೆಗೆ ಬೊಂಬೆ ನೋಡಲು ಹೋದೆವು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆ, ರಾಜ ರಾಣಿ, ಅಕ್ಕನ ತವರಿನವರು ಮದುವೆಯಲ್ಲಿ ಕೊಟ್ಟದ್ದು. ನಾವಿಬ್ಬರೂ ಅದನ್ನೇ ಸ್ವಲ್ಪ ಹೊತ್ತು ನೋಡಿದೆವು. ಅಕ್ಕ ಚರುಪಿನ ಪೊಟ್ಟಣ ಎರಡು ಬೇರೆ ಬೇರೆ ಕೊಡದೆ ಒಂದೇ ದೊಡ್ಡದು ಕಟ್ಟಿಕೊಟ್ಟರು.

ಈ ವಯಸ್ಸಿನಲ್ಲಿ ಮದುವೆ ಮಾಡಿಕೊಂಡು ಏನಾಗಬೇಕು ಎಂದು ನಮ್ಮ ಕಡೆಯವರೇ ಕೇಳಿದ್ದಿದೆ. ಓಲಗ ಊದಿಸಲಿಕ್ಕಲ್ಲಪ್ಪ, ಅರ್ಜಿ ತುಂಬಲಿಕ್ಕೆ. ಎಲ್ಲ ಅರ್ಜಿಯಲ್ಲೂ ‘ಸಂಬಂಧ’ ಎಂದೊಂದು ಕಾಲಮ್ಮು ಇರುತ್ತದೆ. 2011ರಲ್ಲಿ ಅವರ ಪಿತ್ತಕೋಶದ ಕಲ್ಲು ತೆಗೆಸುವಾಗ ಆಸ್ಪತ್ರೆಯಲ್ಲಿ ನನ್ನ ಸಹಿ ಆಗುವುದಿಲ್ಲ, ರಕ್ತಸಂಬಂಧಿ ಬೇಕು ಎಂದರು. ಅವರು ನೋವಿನಲ್ಲಿ ಹಲ್ಲು ಕಚ್ಚಿ ಮಲಗಿದ್ದರು. ಅವರ ಅಣ್ಣನ ಮಗ ಶಿವಮೊಗ್ಗದಿಂದ ರಾತ್ರಿ ಬಸ್ಸು ಹಿಡಿದು ಬರುವವರೆಗೂ ನಾನು ಕುರ್ಚಿಯಲ್ಲಿ ಕುಳಿತಿದ್ದೆ. ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ನನಗೆ ಗೊತ್ತು, ಯಾವ ಔಷಧ ಅವರ ಮೈಗೆ ಒಗ್ಗುವುದಿಲ್ಲ ಎಂದೂ ಗೊತ್ತು. ಆ ಹುಡುಗ ಪಾಪ ಅವರನ್ನು ನೋಡಿ ಆರು ವರ್ಷವಾಗಿತ್ತು. ಸಹಿ ಅವನದೇ.

ಅವರ ಪಿಂಚಣಿ ಅವರ ನಂತರ ನನಗಿಲ್ಲ, ನನ್ನದು ಅವರಿಗಿಲ್ಲ. ಮನೆ ನನ್ನ ಹೆಸರಿನಲ್ಲಿದೆ, ಸಾಲದ ಅರ್ಧ ಕಂತು ಅವರು ಕಟ್ಟಿದ್ದು. ದಾನಪತ್ರ ಮಾಡಿಕೊಡೋಣವೆಂದು ವಿಚಾರಿಸಿದೆ. ಹೆಂಡತಿಗೋ ಮಕ್ಕಳಿಗೋ ಕೊಡುವುದಾದರೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ. ಹೊರಗಿನವರಿಗಾದರೆ ಮನೆಯ ಬೆಲೆಯ ಮೇಲೆ ಶೇಕಡಾ ಲೆಕ್ಕ. ಇವರು ಹೊರಗಿನವರು! 2024ರ ಆಗಸ್ಟ್ 28ರಂದು ಕೇಂದ್ರದ ಹಣಕಾಸು ಇಲಾಖೆ, ನಮ್ಮಂಥವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ತಡೆಯೂ ಇಲ್ಲ ಎಂದು ಸ್ಪಷ್ಟನೆ ಕೊಟ್ಟಿತು. ಮೊದಲೂ ಕಾಯಿದೆಯಲ್ಲಿ ತಡೆ ಇರಲಿಲ್ಲ. ಇದ್ದದ್ದು ನಮ್ಮ ಗಂಟಲಲ್ಲಿ. ಪೇಪರಿನ ಆ ತುಣುಕನ್ನು ಜೇಬಿನಲ್ಲಿಟ್ಟುಕೊಂಡು ಬ್ಯಾಂಕಿಗೆ ಹೋದೆವು. ಕೌಂಟರಿನ ಹುಡುಗಿ, “ಸಂಬಂಧ ಏನಂತ ಹಾಕ್ಲಿ ಸರ್?” ಎಂದಳು. “ಸಂಗಾತಿ ಅಂತ ಬರಿಯಮ್ಮ” ಎಂದೆ. ಗುರುತಿಲ್ಲದವರೆದುರು ಅಷ್ಟು ಜೋರಾಗಿ ಅದನ್ನು ಹೇಳಿದ್ದು ಅದೇ ಮೊದಲು. ಅವಳು ಬರೆದುಕೊಂಡು, “ಐಡಿ ಜೆರಾಕ್ಸ್ ಇಬ್ಬರದೂ ಕೊಡಿ” ಎಂದಳು. ಅಷ್ಟೇ. ಇಷ್ಟಕ್ಕೆ ಮೂವತ್ತೆಂಟು ವರ್ಷ ಕಾದೆವೇ ಎನ್ನಿಸಿತು.

ಮನೆಗೆ ಉಯಿಲು ಮಾಡಿದೆ. ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಆದರೆ ಇಬ್ಬರು ಸಾಕ್ಷಿ ಬೇಕು, ಆಸ್ತಿಯಲ್ಲಿ ಪಾಲಿಲ್ಲದವರಾದರೆ ಮೇಲು. ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸುವುದು ಒಳ್ಳೆಯದು ಎಂದರು ವಕೀಲರು. ಅಕ್ಕ ಸಾಕ್ಷಿಗೆ ಒಪ್ಪಿಕೊಂಡರು. ಸಹಿಗೆ ಮುಂಚೆ ಕನ್ನಡಕ ಹಾಕಿಕೊಂಡು ಕರಡನ್ನು ಪೂರ್ತಿ ಓದಿದರು.

“ಇದೇನು ಮೇಷ್ಟ್ರೇ, ‘ಬಹುಕಾಲದ ಸ್ನೇಹಿತರಾದ’ ಅಂತ ಬರೆಸಿದೀರಿ?”

“ನಾಳೆ ಯಾರೂ ತಕರಾರು ತೆಗೀಬಾರದು ಅಂತ ಅಕ್ಕಾ.”

“ತಕರಾರು ತೆಗೆಯೋರು ಹೇಗಿದ್ರೂ ತೆಗೀತಾರೆ. ನೀವು ಸರಿಯಾಗಿ ಬರೆಸಿ.”

‘ಜೀವನ ಸಂಗಾತಿ’ ಎಂದು ತಿದ್ದಿಸಿ ಮತ್ತೆ ಟೈಪು ಮಾಡಿಸಿದೆ. ಅಕ್ಕ ಉಪನೋಂದಣಿ ಕಚೇರಿಯ ಮೆಟ್ಟಿಲನ್ನು ಕೋಲೂರಿಕೊಂಡು ಹತ್ತಿದರು. ಕನ್ನಡದಲ್ಲಿ ಸಹಿ ಮಾಡಿದರು, ಒಂದೊಂದಕ್ಷರವೂ ದುಂಡಗೆ.

ಈಗ ಅವರ ಮನೆಯನ್ನು ಬಿಲ್ಡರಿಗೆ ಕೊಡುತ್ತಿದ್ದಾರೆ. ಮಗ ಅಮೆರಿಕದಲ್ಲಿ, ಮಗಳು ಮೈಸೂರಿನಲ್ಲಿ. ಅಕ್ಕ ಯುಗಾದಿಯ ಹೊತ್ತಿಗೆ ಮಗಳ ಮನೆಗೆ. ಬೇಲಿ ಹೋಗಿ ಎತ್ತರದ ಗೋಡೆ ಬರುತ್ತದಂತೆ, ಅದರಾಚೆ ನಾಲ್ಕು ಮಹಡಿ. ಹೊಸಬರು ಒಳ್ಳೆಯವರೇ ಇರಬಹುದು. ಆದರೆ ನಾವು ಮತ್ತೆ ಮೊದಲಿನಿಂದ ಶುರುಮಾಡಬೇಕು. ಇವರು ಯಾರು ಎಂದು ಕೇಳಿದಾಗ ಥಟ್ಟನೆ ಹೇಳಿಬಿಡಬೇಕು ಎಂದು ಒಬ್ಬನೇ ಇದ್ದಾಗ ಬಾಯಿಪಾಠ ಮಾಡುತ್ತೇನೆ. ಜಾಜಿಯ ನಾಲ್ಕು ಕಡ್ಡಿ ಕತ್ತರಿಸಿ ಹಾಲಿನ ಪ್ಯಾಕೆಟ್ಟಿನ ಮಣ್ಣಿನಲ್ಲಿ ಊರಿದ್ದೇನೆ, ಮೈಸೂರಿಗೆಂದು. ಎರಡು ಚಿಗುರಿವೆ.

ನಿನ್ನೆ ಅಕ್ಕ ಬೇಲಿಯ ಮೇಲಿಂದ ಒಂದು ಸ್ಟೀಲು ಡಬ್ಬಿ ಕೊಟ್ಟರು. ಧನಿಯ, ಜೀರಿಗೆ, ಮೆಣಸು ಹುರಿದು ಕುಟ್ಟಿದ ಕಷಾಯದ ಪುಡಿ. ಮುಚ್ಚಳದ ಮೇಲೆ ಅಕ್ಕನ ಹೆಸರು ಕೊರೆದಿದೆ.

“ನಿಮ್ಮವರಿಗೆ ದಿನಾ ರಾತ್ರಿ ಒಂದು ಚಮಚ. ಡಬ್ಬಿ ವಾಪಸು ಬೇಡ, ಇಟ್ಕೊಳ್ಳಿ.”

“ಅದು ಹೇಗಾಗುತ್ತೆ ಅಕ್ಕಾ?” ಎಂದೆ. ಒಳಗೆ ಬಂದು ನಮ್ಮವರಿಗೆ ಹೇಳಿದರೆ ಅವರೂ ಸುತರಾಂ ಒಪ್ಪಲಿಲ್ಲ. ಬೆಳಿಗ್ಗೆ ಎದ್ದು ನೋಡುತ್ತೇನೆ, ಅಡಿಗೆಮನೆಯಲ್ಲಿ ಒಂದು ಪಾವು ಹೆಸರುಬೇಳೆ ಆಗಲೇ ನೆನೆಯುತ್ತಿದೆ.