ನೋಡಿದ್ವಿ ಬಿಡಿ!

ಮನೆಗೆ ಬಂದ ನೆಂಟರನ್ನು ಮಾತನಾಡಿಸುವುದು ಈಚೆಗೆ ಬಲು ಕಷ್ಟದ ಕೆಲಸವಾಗಿದೆ. ಅವರ ಸಮಾಚಾರವೆಲ್ಲ ಅವರಿಗಿಂತ ಮೊದಲೇ ಬಂದು ಕೂತಿರುತ್ತದೆ. ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಬಂತು, ಹೊಸ ಕಾರಿನ ಬಣ್ಣ ಯಾವುದು, ಚಕ್ರದಡಿ ಇಟ್ಟ ನಿಂಬೆಹಣ್ಣು ನಾಲ್ಕೂ ಅಪ್ಪಚ್ಚಿಯಾದವೋ ಒಂದು ಹಾರಿಹೋಯಿತೋ, ಎಲ್ಲವನ್ನೂ ವಾಟ್ಸಾಪ್ ಸ್ಟೇಟಸ್‌ನಲ್ಲಿ ನೋಡಿ, ಹೆಬ್ಬೆರಳು ಎತ್ತಿ, ಮರೆತೂ ಆಗಿರುತ್ತದೆ. ಈಗ ಅವರೇ ಬಂದು ಸೋಫಾದ ಮೇಲೆ ಕೂತಿದ್ದಾರೆ. ಫ್ಯಾನು ತಿರುಗುತ್ತಿದೆ.

“ಮತ್ತೆ?” ಅಂತ ನಾನು.

“ಮತ್ತೇನಿಲ್ಲ, ನೀವೇ ಹೇಳ್ಬೇಕು” ಅಂತ ಅವರು.

ಹೇಳಲು ನನ್ನ ಹತ್ತಿರವಾದರೂ ಏನಿದೆ? ನಮ್ಮ ಮನೆಯ ಚಕ್ಕುಲಿ ಬಾಣಲೆಯಿಂದ ಮೇಲೇಳುವ ಮುಂಚೆಯೇ ಅವರ ಮೊಬೈಲಿಗೆ ಹೋಗಿತ್ತು. ತಟ್ಟೆಯಲ್ಲಿಟ್ಟು ಕೊಟ್ಟರೆ, “ಓ, ಇದೇ ಅಲ್ವಾ ಅದು?” ಎಂದು ಹಳೆಯ ಪರಿಚಯದವರಂತೆ ತಿನ್ನುತ್ತಾರೆ.

ನಮ್ಮ ಸೋದರತ್ತೆಯ ಕಾಲದಲ್ಲಿ ಹೀಗಿರಲಿಲ್ಲ. ಆಕೆ ಸಾಗರದಿಂದ ಮೈಸೂರಿಗೆ ಬಂದರೆ, ಬಂದ ಕಥೆ ಬಸ್ಸಿಗಿಂತ ನಿಧಾನವಾಗಿ ಚಲಿಸುತ್ತಿತ್ತು. ಶಿವಮೊಗ್ಗದಲ್ಲಿ ಪಕ್ಕದ ಸೀಟಿಗೆ ಬಂದವಳ ಬಳೆ, ತರೀಕೆರೆಯಲ್ಲಿ ಕಂಡಕ್ಟರು ಉಳಿಸಿಕೊಂಡ ಚಿಲ್ಲರೆ, ಅರಸೀಕೆರೆಯಲ್ಲಿ ಆ ಚಿಲ್ಲರೆಗಾಗಿ ನಡೆದ ಮಹಾಯುದ್ಧ. ಅತ್ತೆ ಕಥೆಯಲ್ಲಿ ಮೈಸೂರು ಮುಟ್ಟುವಷ್ಟರಲ್ಲಿ ನಮ್ಮ ರಾತ್ರಿಯೂಟ ಮುಗಿದಿರುತ್ತಿತ್ತು. ಹೇಳುವುದು ಅತ್ತೆಯ ವಿದ್ಯೆಯಾದರೆ, ಕೇಳುವುದು ಅಮ್ಮನ ವಿದ್ಯೆ. ‘ಹೂಂ’ ಎಲ್ಲಿ, ‘ಅಯ್ಯೋ ಶಿವನೇ’ ಎಲ್ಲಿ, ‘ಆಮೇಲೆ?’ ಎಲ್ಲಿ ಎನ್ನುವುದು ಅಮ್ಮನಿಗೆ ಕರಗತ. ಚಿಲ್ಲರೆ ವಾಪಸ್ಸು ಸಿಕ್ಕಿತೆಂದು ಚೆನ್ನಾಗಿ ಗೊತ್ತಿದ್ದರೂ ಮೂರನೆಯ ಸಲ ಕೇಳುವಾಗಲೂ ಆಕೆ ಅರಸೀಕೆರೆಯ ಹೊತ್ತಿಗೆ ಗಾಬರಿಯಾಗುತ್ತಿದ್ದಳು. ಈಗ ಅಂಥ ಕಥೆಯನ್ನು ಯಾರಾದರೂ ಶುರುಮಾಡಿ ನೋಡಲಿ. “ನೋಡಿದ್ವಿ ಬಿಡಿ, ಸ್ಟೇಟಸ್‌ನಲ್ಲಿ ಹಾಕಿದ್ರಲ್ಲ” ಎಂದುಬಿಡುತ್ತಾರೆ. ಸಾಸಿವೆ ಸಿಡಿಯುವ ಮೊದಲೇ ಒಲೆ ಆರಿಸಿದ ಹಾಗೆ.

ನಮ್ಮ ತಾತ ಇನ್ನೊಂದು ಕಲೆಯಲ್ಲಿ ಪಾರಂಗತರು. ಸಾಲ ಕೇಳಲು ಯಾರಾದರೂ ಬಂದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅಡುಗೆಮನೆಯಲ್ಲಿ ಕಾಫಿ ಡಿಕಾಕ್ಷನ್ ಇಳಿಯುವುದು ಮಾತ್ರ ಕೇಳಿಸುತ್ತಿತ್ತು. ಈ ಕಿವುಡಿನಿಂದಾಗಿ ನಮ್ಮ ವಂಶದಲ್ಲಿ ಎಷ್ಟೋ ಜಗಳಗಳು ಹುಟ್ಟಲೇ ಇಲ್ಲ. ಕೇಳಿಸಿಯೂ ಸುಮ್ಮನಿದ್ದರೆಂದು ಯಾರೂ ಸಾಬೀತು ಮಾಡುವಂತಿರಲಿಲ್ಲ. 2014ರಲ್ಲಿ ವಾಟ್ಸಾಪಿನವರು ನೀಲಿ ಗೀಟುಗಳನ್ನು ತಂದು ಈ ವಿದ್ಯೆಯ ಬುಡಕ್ಕೇ ಕೊಡಲಿ ಹಾಕಿದರು. ಈಗ ಸಾಕ್ಷಿ ಇದೆ, ಹೊತ್ತು ಗಳಿಗೆ ಸಮೇತ. “ರಾತ್ರಿ ಒಂಬತ್ತು ಹದಿನಾಲ್ಕಕ್ಕೆ ನೋಡಿದ್ದಾರೆ, ಒಂದು ಅಕ್ಷರ ಬರೀಲಿಲ್ಲ” ಎಂದು ನನ್ನ ನಾದಿನಿ ತನ್ನ ಓರಗಿತ್ತಿಯ ಮೇಲೆ ದೂರು ತಂದಿದ್ದಳು. ಅವರಿಬ್ಬರ ಮನೆಗಳ ನಡುವೆ ಇರುವುದು ಒಂದು ಕಾಂಪೌಂಡು, ಅದರ ಮೇಲೊಂದು ದಾಸವಾಳದ ಗಿಡ. ಹೋಗಿ ಕೇಳಬಹುದಲ್ಲ ಎಂದೆ. “ಹಾಗೆಲ್ಲ ಮುಖ ನೋಡಿ ಕೇಳೋಕಾಗುತ್ತಾ?” ಎಂದಳು.

ಮುಖದ ತೊಂದರೆಯೇ ಅದು. ನಮ್ಮ ಕುಟುಂಬದ ಗುಂಪಿನಲ್ಲಿ ನನ್ನ ಭಾವ ಚುನಾವಣೆಯ ವಿಷಯದಲ್ಲಿ ರಣಕೇಸರಿ. ಚಿಕ್ಕಪ್ಪನ ಪಕ್ಷವನ್ನು ಅವರು ಸೀಳಿದ ಪರಿ ನೋಡಿ, ಇನ್ನು ಈ ಎರಡು ಮನೆಗಳ ನಡುವೆ ಹೂವೀಳ್ಯವೂ ನಿಂತಿತು ಅಂದುಕೊಂಡಿದ್ದೆ. ಮದುವೆಯೊಂದರ ಪಂಕ್ತಿಯಲ್ಲಿ ಇಬ್ಬರಿಗೂ ಅಕ್ಕಪಕ್ಕದ ಎಲೆಯೇ ಸಿಕ್ಕಿತು. ನಾನು ಎದುರು ಸಾಲಿನಲ್ಲಿ ಉಸಿರು ಬಿಗಿಹಿಡಿದು ಕೂತೆ. ಬಹಳ ಹೊತ್ತಿನ ಮೇಲೆ ಭಾವ ತುಟಿ ಬಿಚ್ಚಿದರು: “ತಿಳಿಸಾರು ಚೆನ್ನಾಗಿದೆ ಅಲ್ವಾ?” ಚಿಕ್ಕಪ್ಪ, “ಉಪ್ಪು ಒಂದು ಕಲ್ಲು ಕಡಿಮೆ” ಎಂದರು. ಆಡಿದ ಮಾತನ್ನು ಎಲ್ಲರ ಕಿವಿಯಿಂದ ಅಳಿಸುವ ಗುಂಡಿ ಬಾಯಿಗೆ ಇಲ್ಲದಿರುವುದರಿಂದ ಜನ ಸಾರಿನ ಮಟ್ಟದಲ್ಲೇ ಉಳಿದುಕೊಳ್ಳುತ್ತಾರೆ.

ಒಬ್ಬ ಮನುಷ್ಯ ನಿಜವಾಗಿ ಒಡನಾಡಲು ಸಾಧ್ಯವಿರುವುದು ಸುಮಾರು 150 ಜನರೊಂದಿಗೆ ಎಂದು ಬ್ರಿಟನ್ನಿನ ವಿಜ್ಞಾನಿ ರಾಬಿನ್ ಡನ್ಬಾರ್ 1990ರ ದಶಕದಲ್ಲಿ ಮಂಗಗಳ ಮೆದುಳಿನ ಗಾತ್ರ ನೋಡಿ ಲೆಕ್ಕ ಹಾಕಿದರು. ಅವರು ನಮ್ಮ ಕಡೆಯ ಮದುವೆಗೆ ಬಂದಿರಲಾರರು. ಅಷ್ಟು ಜನ ಇಲ್ಲಿ ಹುಡುಗಿಯ ಸೋದರಮಾವನ ಕಡೆಯವರೇ ಆಗುತ್ತಾರೆ. ಆದರೆ 1,024 ಜನರನ್ನು ಸೇರಿಸಿಕೊಳ್ಳುವ ಗುಂಪು ಬಂದ ಮೇಲೆ ಡನ್ಬಾರರ ಕಡೆಗೇ ನನ್ನ ಮತ.

ಸೇರುವುದಕ್ಕಿಂತ ಬಿಟ್ಟು ಹೊರಡುವುದು ಇನ್ನೂ ಸೂಕ್ಷ್ಮದ ಕೆಲಸ. ನಮ್ಮಲ್ಲಿ ಹೊರಡುವುದೆಂದರೆ ಸೋಫಾದಿಂದ ಏಳುವುದು, ಹೊಸಿಲಲ್ಲಿ ನಿಲ್ಲುವುದು, ಕುಂಕುಮಕ್ಕೆ ಕಾಯುವುದು, ಗೇಟಿನ ಹತ್ತಿರ ಅಸಲು ವಿಷಯ ತೆಗೆಯುವುದು, ಸ್ಕೂಟರ್ ಸ್ಟಾರ್ಟ್ ಮಾಡಿ ಮತ್ತೆ ಆಫ್ ಮಾಡುವುದು. 2022ರಿಂದ ಗುಂಪುಗಳಲ್ಲಿ ಸದ್ದಿಲ್ಲದೆ ಹೊರಡುವ ಸೌಲಭ್ಯ ಬಂದಿದೆ, ಅಡ್ಮಿನ್‌ಗಳಿಗೆ ಮಾತ್ರ ತಿಳಿಯುತ್ತದೆ. ನನ್ನ ಅಕ್ಕನ ಮಗ ಅದನ್ನು ನಮ್ಮ ಮನೆಯ ಹಾಲಿನಲ್ಲೂ ಜಾರಿಗೆ ತಂದ. ಮಾತಿನ ನಡುವೆ ನೋಡಿದರೆ ಕುರ್ಚಿ ಖಾಲಿ. ಗೊತ್ತಾಗಿದ್ದು ಅವನ ಅಮ್ಮನಿಗೆ ಮಾತ್ರ.

ಹಾಗಂತ ಎಲ್ಲವನ್ನೂ ಮೊಬೈಲಿನ ತಲೆಗೆ ಕಟ್ಟುವುದು ಅನ್ಯಾಯ. ಎದುರಿಗೆ ‘ಹೂಂ’ ಎಂದರೆ ಹೆಚ್ಚು ಎನ್ನುವಂಥ ನನ್ನ ಸೋದರಮಾವನ ಮಗ ಗುಂಪಿನಲ್ಲಿ ಬರೆಯುವ ಒಂದೊಂದು ಸಾಲಿಗೂ ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಈ ಪ್ರತಿಭೆ ಇಷ್ಟು ವರ್ಷ ಎಲ್ಲಿ ಅಡಗಿತ್ತೋ. ಮೊನ್ನೆ ಅವನು ಬಾಗಿಲಲ್ಲಿ ಕಂಡಕೂಡಲೇ ಎಲ್ಲರೂ ಮುಂಗಡವಾಗಿ ನಕ್ಕೆವು. ಪಾಪ, ಅವನು ಬಗ್ಗಿ ತನ್ನ ಷರಟಿನ ಗುಂಡಿ ನೋಡಿಕೊಂಡ.

ಇದೆಲ್ಲದರ ಕಳಸ ನಮ್ಮ ದೊಡ್ಡಪ್ಪನ ಕಾಶಿ ಸಮಾರಾಧನೆ. ಕಾಶಿಗೆ ಹೋಗಿಬಂದವರು ಗಂಗಾಪೂಜೆ ಮಾಡಿ, ಹತ್ತು ಜನಕ್ಕೆ ಊಟ ಹಾಕಿ, ಯಾತ್ರೆಯ ಕಥೆ ಹೇಳಬೇಕು. ಊಟವಾಯಿತು, ಗಂಗೆಯ ಗಿಂಡಿಗಳೂ ಹಂಚಿಕೆಯಾದವು. ಕಥೆ ಮಾತ್ರ ಹೊರಡಲೊಲ್ಲದು. ದಶಾಶ್ವಮೇಧ ಘಾಟಿನ ಆರತಿಯನ್ನು ಎಲ್ಲರೂ ವಿಡಿಯೊ ಕಾಲಿನಲ್ಲೇ ನೋಡಿ, ಕೆಲವರು ಮಂಗಳಾರತಿಯನ್ನೂ ತೆಗೆದುಕೊಂಡಿದ್ದರು. ದೊಡ್ಡಪ್ಪ ಲಸ್ಸಿ ಕುಡಿದು ಮೀಸೆ ಒರೆಸಿಕೊಂಡ ಫೋಟೊಕ್ಕೂ ಮೆಚ್ಚುಗೆ ಸಂದಾಯವಾಗಿತ್ತು. ಜಮಖಾನದ ಮೇಲೆ ಅಡಿಕೆ ಕತ್ತರಿಸುವ ಸದ್ದು, ಅಲ್ಲಲ್ಲಿ ಮೊಬೈಲಿನ ಬೆಳಕು.

ಅಷ್ಟರಲ್ಲಿ ಮೂಲೆಯಿಂದ ಯಾರೋ, “ದೊಡ್ಡಪ್ಪ, ಕಾಶೀಲಿ ಏನು ಬಿಟ್ರಿ?” ಎಂದರು. ತಮಗೆ ಇಷ್ಟವಾದ ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟುಬರುವುದು ವಾಡಿಕೆಯಲ್ಲವೇ? ಬಿಟ್ಟದ್ದರ ಫೋಟೊ ಬಂದಿರಲಿಲ್ಲ.

“ಹಾಗಲಕಾಯಿ” ಎಂದರು ದೊಡ್ಡಪ್ಪ, ಗಂಭೀರವಾಗಿ.

ದೊಡ್ಡಮ್ಮ ಅಡುಗೆಮನೆಯಿಂದ ಸೌಟಿನ ಸಮೇತ ಬಂದರು. “ಹಾಗಲಕಾಯಾ? ಮದುವೆಯಾದಾಗಿಂದ ಒಂದು ಹೋಳು ಬಾಯಿಗಿಟ್ಟಿಲ್ಲ ಇವರು! ತಿನ್ನದೇ ಇರೋದನ್ನ ಬಿಡೋಕೆ ಅಷ್ಟು ದೂರ ಹೋಗ್ಬೇಕಿತ್ತೇನ್ರೀ?”

“ನೀನು ಸೀಬೆಹಣ್ಣು ಬಿಟ್ಟೆಯಲ್ಲ. ಹಲ್ಲು ಕಟ್ಟಿಸಿಕೊಂಡ ಮೇಲೆ ಎಂದು ತಿಂದಿದ್ದೀಯ ಸೀಬೆಹಣ್ಣು?”

ಜಮಖಾನದ ತುಂಬ ನಗು. ಚಿಕ್ಕಪ್ಪ ಭಾವನ ಭುಜ ಹಿಡಿದುಕೊಂಡು ನಕ್ಕರು. ಪುರೋಹಿತರು ತಮ್ಮ ತಂದೆ ಕಾಶಿಯಲ್ಲಿ ಬದನೆಕಾಯಿ ಬಿಟ್ಟು, ಊರಿಗೆ ಬಂದು ಗುಳ್ಳ ಬೇರೆ, ಬದನೆ ಬೇರೆ ಎಂದು ವಾದಿಸಿದ ಕಥೆ ತೆಗೆದರು. ‘ಆಮೇಲೆ?’ ಎಂದು ಕೇಳಿದ್ದು ಅಕ್ಕನ ಮಗ!

“ಒಂದ್ನಿಮಿಷ ದೊಡ್ಡಪ್ಪ” ಎಂದು ನಾದಿನಿ ಎದ್ದು ಮೊಬೈಲು ಹಿಡಿದಳು. “ಅದೇ ಹಾಗಲಕಾಯಿದು ಇನ್ನೊಂದ್ಸಲ ಹೇಳಿ, ವಿಡಿಯೊ ಮಾಡ್ತೀನಿ.”

ದೊಡ್ಡಪ್ಪ ಶಲ್ಯ ಸರಿಮಾಡಿಕೊಂಡು ಕೆಮ್ಮಿ, “ನಮಸ್ಕಾರ. ಶ್ರೀಕ್ಷೇತ್ರ ಕಾಶಿಯಲ್ಲಿ ನಾನು ಹಾಗಲಕಾಯಿಯನ್ನು ತ್ಯಜಿಸಿರುತ್ತೇನೆ” ಎಂದರು. ದೊಡ್ಡಮ್ಮ ಸೌಟನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ನಿಂತರು. ಯಾರೂ ನಗಲಿಲ್ಲ. ಗುಂಪಿಗೆ ಹಾಕಿದ ಮೇಲೆ ನಗುವ ಮುಖಗಳು ಸಾಲುಸಾಲಾಗಿ ಬಂದವು, ಮುಕ್ಕಾಲು ಪಾಲು ಅದೇ ಜಮಖಾನದಿಂದ.