ಸಿಲಿಂಡರ್ ಮಹಾಪ್ರಭುಗಳ ಸನ್ನಿಧಾನಕ್ಕೆ

ಇವರಿಗೆ,
ಶ್ರೀಮದ್ ಕೆಂಪು ಸಿಲಿಂಡರ್ ಮಹಾಪ್ರಭುಗಳು,
ಅಡುಗೆಮನೆ ಕಟ್ಟೆಯ ಕೆಳಗೆ, ಎಡಮೂಲೆ,
ಬೆಂಗಳೂರು.

ವಿಷಯ: ತಮ್ಮನ್ನು ಉಳಿಸುವ ಸೇವೆಯಲ್ಲಿ ಸವೆದುಹೋದ ಗೃಹಿಣಿಯೊಬ್ಬಳ ವಿನಮ್ರ ಅರಿಕೆ.

ಪೂಜ್ಯರೇ,

ಸಾಷ್ಟಾಂಗ ಪ್ರಣಾಮಗಳು. ಇದು ಬರೀ ಉಪಚಾರದ ಮಾತಲ್ಲ. ರೆಗ್ಯುಲೇಟರ್ ಹಾಕಲು, ತೆಗೆಯಲು, ಟ್ಯೂಬು ಮೂಸಿ ನೋಡಲು, ತಮ್ಮನ್ನು ಅಲ್ಲಾಡಿಸಿ ಕ್ಷೇಮ ವಿಚಾರಿಸಲು ನಾನು ತಮ್ಮ ಮುಂದೆ ಮಂಡಿಯೂರುತ್ತಲೇ ಇರುತ್ತೇನೆ. ದೇವರ ಗೂಡಿನ ಮುಂದೆ ಇಷ್ಟು ಸಲ ಬಗ್ಗಿದ್ದರೆ ಈ ಹೊತ್ತಿಗೆ ಸಣ್ಣದೋ ದೊಡ್ಡದೋ ಒಂದು ವರ ಸಿಕ್ಕಿರುತ್ತಿತ್ತು.

ಮೊದಲು ಕೃತಜ್ಞತೆ. ಇದರಲ್ಲಿ ಕಪಟವಿಲ್ಲ. ನಮ್ಮ ಅಜ್ಜಿ ಹಸಿ ಸೌದೆಯ ಮುಂದೆ ಊದುಕೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಂಡೇ ಮುದ್ದೆ ತಿರುವಿದವರು. ಅಮ್ಮ ಸೀಮೆಎಣ್ಣೆಗೆಂದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಡಬ್ಬ ಹಿಡಿದು ನಿಂತವರು. ತಮ್ಮ ಸಂಪರ್ಕಕ್ಕೆ ಅರ್ಜಿ ಹಾಕಿ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಸಂಸತ್ ಸದಸ್ಯರಿಗೆ ಗ್ಯಾಸ್ ಸಂಪರ್ಕದ ಕೂಪನ್ ಹಂಚುವ ಕೋಟಾ ಇತ್ತು ಅಂದರೆ ತಮ್ಮ ಆಗಿನ ಗತ್ತು ಎಂಥದ್ದು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲಂತೂ ಬಡವರ ಗುಡಿಸಲಿಗೂ ದಯಮಾಡಿಸಿದಿರಿ. ಈಗ ತಾವು ಇಲ್ಲದ ಬೀದಿಯಿಲ್ಲ. ಗತ್ತು ಮಾತ್ರ ಹಳೆಯದೇ.

ತಮ್ಮ ಆಯುಷ್ಯವೃದ್ಧಿಗಾಗಿ ನಾನು ಹಿಡಿದಿರುವ ವ್ರತಗಳನ್ನು ಅವಗಾಹನೆಗೆ ತರುತ್ತಿದ್ದೇನೆ. ಕಡಲೆಕಾಳು, ಹುರುಳಿ, ಅಲಸಂದೆ ಯಾವುದೂ ರಾತ್ರಿಯೆಲ್ಲ ನೆನೆಯದೆ ನಮ್ಮ ಮನೆಯ ಒಲೆ ಏರುವುದಿಲ್ಲ. ಕುಕ್ಕರಿನ ತಳದ ಡಬ್ಬಿಯಲ್ಲಿ ತೊಗರಿಬೇಳೆ, ಅದರ ಮೇಲೆ ಅಕ್ಕಿ, ತುದಿಯಲ್ಲಿ ಹುಳಿಯ ತರಕಾರಿ: ಒಂದೇ ಉರಿಗೆ ಮೂರು ಬೇಯಬೇಕು. ಮೊದಲ ವಿಷಲ್ ಕೂಗುವಷ್ಟರಲ್ಲಿ ನನ್ನ ಕೈ ಸಿಮ್ಮಿನ ಮೇಲಿರುತ್ತದೆ. ಫ್ರಿಜ್ಜಿನಿಂದ ತೆಗೆದ ಹಾಲನ್ನು ತಣ್ಣಗಿರುವಾಗಲೇ ಒಲೆಗಿಡುವ ಪಾಪ ಮಾಡುವುದಿಲ್ಲ. ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಹಬ್ಬಿದರೆ ನನ್ನ ಸೆರಗೇ ಹೊತ್ತಿಕೊಂಡಂತೆ ಓಡಿಬರುತ್ತೇನೆ. ನೀಲಿ ಉರಿ ಹಳದಿಗೆ ತಿರುಗಿದರೆ ಗ್ಯಾಸು ಪೂರ್ತಿ ಉರಿಯದೆ ಪೋಲಾಗುತ್ತಿದೆ ಎಂದೇ ಅರ್ಥವಾದ್ದರಿಂದ, ಬರ್ನರ್ ಬಿಚ್ಚಿ ಒಂದೊಂದು ತೂತನ್ನೂ ಸೂಜಿಯಿಂದ ಕೆರೆದು ಕೂರಿಸುತ್ತೇನೆ. ವಾರದಲ್ಲಿ ಒಂದು ದಿನ ಗೊಜ್ಜವಲಕ್ಕಿ, ಇನ್ನೊಂದು ದಿನ ತಂಬುಳಿ, ಕೋಸಂಬರಿ: ಒಗ್ಗರಣೆ ಸೌಟು ಬಿಟ್ಟರೆ ಬೇರೇನೂ ಒಲೆಯ ಮುಖ ನೋಡದ ಅಡುಗೆ. ಮನೆಯವರು ಇದನ್ನು ಆರೋಗ್ಯಕ್ಕೆ ಒಳ್ಳೆಯದು ಅಂದುಕೊಂಡು ತಿನ್ನುತ್ತಿದ್ದಾರೆ. ಅವರ ನಂಬಿಕೆ ಕೆಡಿಸಲು ನನಗೆ ಮನಸ್ಸಿಲ್ಲ.

ಹನಿಗೂಡಿದರೆ ಹಳ್ಳ ಎಂದು ಹಿರಿಯರು ಹೇಳಿದ್ದನ್ನು ನಂಬಿ ಇಷ್ಟೆಲ್ಲ ಮಾಡಿ, ತಮ್ಮಲ್ಲಿ ಹತ್ತರಲ್ಲಿ ಒಂದು ಪಾಲು ಉಳಿಸಿದೆ ಎಂದಿಟ್ಟುಕೊಳ್ಳಿ. ತಮಗೆ 850 ರೂಪಾಯಿ ಬೆಲೆಯಿದ್ದರೆ ನನ್ನ ಕಾಳು ನೆನೆಸಿದ್ದು, ಸೂಜಿ ಹಿಡಿದದ್ದು, ಸಿಮ್ಮಿಗೆ ಓಡಿದ್ದು ಎಲ್ಲ ಸೇರಿ 85 ರೂಪಾಯಿ. ಒಂದು ರಾತ್ರಿಯ ಟೀವಿ ಸುದ್ದಿಯಲ್ಲಿ ತಾವು 50 ರೂಪಾಯಿ ಏರಿದಿರೆಂದರೆ ಅದರಲ್ಲಿ ಅರ್ಧಕ್ಕೂ ಹೆಚ್ಚು ಹೋಯಿತು. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ನಮ್ಮ ಮನೆಯಲ್ಲಿ ಆ ಮಜ್ಜಿಗೆ ಕಡೆಯುವವಳು ನಾನು. ಆದರೂ ತಾವು ಸುಮ್ಮಸುಮ್ಮನೆ ಏರುತ್ತೀರಿ ಎಂದು ದೂರಲಾರೆ. ದೇಶಕ್ಕೆ ಬೇಕಾದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಸೌದಿ ಅರೇಬಿಯಾದಲ್ಲಿ ತಿಂಗಳು ತಿಂಗಳು ನಿಗದಿಯಾಗುವ ದರವೇ ತಮ್ಮ ಜಾತಕ ಬರೆಯುತ್ತದೆ ಎಂದು ತಿಳಿದವರು ಹೇಳಿದ್ದಾರೆ. ಸೌದಿಯ ಲೆಕ್ಕವನ್ನು ನನ್ನ ಸಾಸಿವೆ ಡಬ್ಬಿಯ ಚಿಲ್ಲರೆಯಿಂದ ಸರಿದೂಗಿಸುವ ಭಾಗ್ಯ ಕರುಣಿಸಿದ್ದಕ್ಕೆ ಚಿರಋಣಿ.

ತಮ್ಮ ಸಮಯಪ್ರಜ್ಞೆಗಂತೂ ಕೈ ಮುಗಿಯಬೇಕು. 2023ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ 1,100 ರೂಪಾಯಿ ದಾಟಿ ನಿಂತಿರಿ. ಅದೇ ವರ್ಷದ ಆಗಸ್ಟ್ ಕೊನೆಗೆ, ರಕ್ಷಾಬಂಧನದ ಹೊತ್ತಿಗೆ ಸರಿಯಾಗಿ, ಅಕ್ಕತಂಗಿಯರಿಗೆಂದು 200 ಇಳಿದಿರಿ. 2024ರ ಮಾರ್ಚ್ 8ರ ಮಹಿಳಾ ದಿನಕ್ಕೆ ಮತ್ತೆ 100 ಇಳಿದಿರಿ. ಅದಾದ ಎಂಟನೇ ದಿನ ಲೋಕಸಭಾ ಚುನಾವಣೆಯ ದಿನಾಂಕ ಪ್ರಕಟವಾದದ್ದು ಕಾಕತಾಳೀಯವೆಂದೇ ನಾವು ಭಾವಿಸಿದ್ದೇವೆ. 2025ರ ಏಪ್ರಿಲ್‌ನಲ್ಲಿ 50 ಏರಿದಾಗ ಮಾತ್ರ ಯಾವ ಸೋದರಿಯ ನೆನಪೂ ತಮಗೆ ಆಗಲಿಲ್ಲ. ಇಳಿಯುವಾಗ ಹಬ್ಬ ಹುಡುಕುವವರು ಏರುವಾಗ ರಾಹುಕಾಲವನ್ನೂ ನೋಡುವುದಿಲ್ಲವಲ್ಲ, ಪ್ರಭುಗಳೇ!

ಸಬ್ಸಿಡಿಯ ವಿಚಾರದಲ್ಲಿ ತಾವು ತೋರಿದ ಸಮದೃಷ್ಟಿಯನ್ನು ಹೇಗೆ ಹೊಗಳಲಿ? 2015ರಲ್ಲಿ ‘ಉಳ್ಳವರು ಬಿಟ್ಟುಕೊಡಿ’ ಎಂಬ ಕರೆ ಬಂತು. ಎದುರು ಮನೆಯವರು ಬಿಟ್ಟುಕೊಟ್ಟು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ನಾವು ಬಿಡದೆ, ತಲೆ ತಗ್ಗಿಸಿಕೊಂಡು, ಬ್ಯಾಂಕಿನ ಮೆಸೇಜಿಗೆ ಕಾದೆವು. ಪೂರ್ತಿ ದುಡ್ಡು ಮೊದಲು ಕೊಡಿ, ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತದೆ ಎಂದಿರಿ, ಕೊಟ್ಟೆವು. ಆಧಾರ್ ಜೋಡಿಸಿ ಎಂದಿರಿ, ಜೋಡಿಸಿದೆವು. 2020ರ ನಡುವಿನಿಂದ ನಮ್ಮಂಥವರ ಖಾತೆಗೆ ಅದು ಬರುವುದೇ ನಿಂತಿತು. ಬಿಟ್ಟುಕೊಟ್ಟ ಎದುರು ಮನೆಯವರನ್ನೂ ಬಿಡದ ನಮ್ಮನ್ನೂ ಒಂದೇ ಸಾಲಿನಲ್ಲಿ ಕೂರಿಸಿದಿರಿ. ವ್ಯತ್ಯಾಸ ಇಷ್ಟೇ: ಅವರಿಗೆ ತ್ಯಾಗದ ಪುಣ್ಯ ಸಿಕ್ಕಿತು, ನಮಗೆ ಅದೂ ಇಲ್ಲ.

ಇನ್ನು ತಮ್ಮ ಆಗಮನ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮನೆಗೆ ತಲುಪಿಸುವ ಶುಲ್ಕ ಬಿಲ್ಲಿನ ಮೊತ್ತದಲ್ಲೇ ಸೇರಿದೆ ಎಂಬುದನ್ನು ಬಲ್ಲೆ. ನಾವೇ ಗೋದಾಮಿಗೆ ಹೋಗಿ ಹೊತ್ತು ತಂದರೆ ಅಷ್ಟು ಹಣ ಬಿಲ್ಲಿನಲ್ಲಿ ಕಡಿಮೆಯಾಗಬೇಕು ಎಂಬುದೂ ಗೊತ್ತು. ಆದರೆ ತಮ್ಮನ್ನು ಹೆಗಲ ಮೇಲೆ ಹೊತ್ತು, ಲಿಫ್ಟಿಲ್ಲದ ಮಹಡಿ ಹತ್ತಿ, ಬೆವರಿನಲ್ಲಿ ತೊಯ್ದು ಬಾಗಿಲಲ್ಲಿ ನಿಂತ ಆ ಹುಡುಗ ‘ಅಕ್ಕಾ, ಮೇಲೆ ನೋಡ್ಕೊಂಡು ಕೊಡಿ’ ಅಂದಾಗ ನಿಯಮ ಹೇಳಲು ನಾಲಿಗೆ ಏಳುವುದಿಲ್ಲ. ಅವನಿಗೆ ಸರಿಯಾಗಿ ಸಂಬಳ ಕೊಡದವರು ಯಾರೋ, ಅದನ್ನು ತುಂಬಿಕೊಡುವ ಸೌಭಾಗ್ಯ ನನ್ನದು. ಸಿಮ್ಮಿನಲ್ಲಿ ಉಳಿಸಿದ್ದರಲ್ಲಿ ಇನ್ನೊಂದು ಪಾಲು ಅಲ್ಲಿಗೆ ಸಂದಾಯ.

ತಮ್ಮ ತೂಕದ ಬಗ್ಗೆ ಮಾತಾಡುವುದು ಶಿಷ್ಟಾಚಾರವಲ್ಲ, ಬಲ್ಲೆ. ಆದರೂ ತಮ್ಮ ಕೊರಳ ಪಟ್ಟಿಯ ಮೇಲೆ ಖಾಲಿ ತೂಕವನ್ನು ಅಚ್ಚೊತ್ತಿದ್ದಾರೆ. ಅದಕ್ಕೆ 14.2 ಕೆ.ಜಿ. ಕೂಡಿಸಿದರೆ ತಾವು ತೂಗಬೇಕಾದಷ್ಟು ಆಯಿತು. ಕೇಳಿದರೆ ಮನೆ ಬಾಗಿಲಲ್ಲೇ ತೂಗಿ ತೋರಿಸಬೇಕು. ಕೇಳಿದೆ. ‘ತಕ್ಕಡಿ ಗಾಡಿಯಲ್ಲಿದೆ ಅಕ್ಕಾ.’ ಗಾಡಿ ಎಲ್ಲಿ? ‘ಮುಂದಿನ ಕ್ರಾಸಲ್ಲಿ.’ ಮುಂದಿನ ಕ್ರಾಸಿನವರು ಕೇಳಿದರೆ ತಕ್ಕಡಿ ನಮ್ಮ ಕ್ರಾಸಿನಲ್ಲಿ ಇರುತ್ತದೆಂದು ಕಾಣುತ್ತದೆ. ಅದೇ ಪಟ್ಟಿಯಲ್ಲಿ ಇಂಗ್ಲಿಷಿನ ಎ, ಬಿ, ಸಿ, ಡಿ ಅಕ್ಷರದ ಪಕ್ಕ ಎರಡಂಕಿಯ ವರ್ಷವೂ ಇದೆ. ವರ್ಷದ ನಾಲ್ಕು ಭಾಗಗಳಲ್ಲಿ ತಮ್ಮ ಮುಂದಿನ ಸುರಕ್ಷತಾ ಪರೀಕ್ಷೆ ಯಾವುದರೊಳಗೆ ಆಗಬೇಕೆಂಬ ಗುರುತು ಅದು. ಬಿ-27 ಎಂದಿದ್ದರೆ 2027ರ ಜೂನ್ ಕೊನೆಯವರೆಗೆ ನಿಶ್ಚಿಂತೆ. ಒಳಗೆ ತರಿಸುವ ಮುನ್ನ ಅದನ್ನು ನಾನು ತಪ್ಪದೆ ಓದುತ್ತೇನೆ. ಬಂಗಾರದ ಅಂಗಡಿಯಲ್ಲೂ ಇಷ್ಟು ಕಣ್ಣು ಕಿರಿದು ಮಾಡಿ ಮುದ್ರೆ ನೋಡಿದವಳಲ್ಲ.

ಎಲ್ಲಕ್ಕಿಂತ ದೊಡ್ಡ ಉಪಕಾರವೆಂದರೆ ತಾವು ಖಾಲಿಯಾಗುವ ಗಳಿಗೆ. ತಾವು ಎಂದೂ ಅನ್ನ ಇಳಿಸಿದ ಮೇಲೆ ಮುಗಿದವರಲ್ಲ. ಕಾವಲಿಯ ಮೇಲೆ ದೋಸೆ ಹರಡಿ, ಅಂಚಿಗೆ ಎಣ್ಣೆ ಬಿಟ್ಟು, ನೆಂಟರು ಚಟ್ನಿ ಹಾಕಿಸಿಕೊಂಡು ಕಾಯುತ್ತಿರುವಾಗ ಉರಿ ಒಮ್ಮೆ ನಡುಗಿ ಇಲ್ಲವಾಗುತ್ತದೆ. ಇದನ್ನು ಮುಂಚೆ ತಿಳಿಯಲೆಂದು ನಾನು ಕಲಿತ ಶಾಸ್ತ್ರವೊಂದಿದೆ. ಒದ್ದೆ ಬಟ್ಟೆಯಿಂದ ತಮ್ಮ ಮೈಯನ್ನು ಮೇಲಿನಿಂದ ಕೆಳಗೆ ಒರೆಸಿ, ಪಕ್ಕದಲ್ಲಿ ಕುಳಿತು ಕಾಯಬೇಕು. ಗ್ಯಾಸು ತೀರಿದ ಮೇಲ್ಭಾಗ ಮೊದಲು ಆರುತ್ತದೆ. ಒಳಗೆ ದ್ರವ ಇರುವ ಭಾಗ ತಂಪಾಗಿದ್ದು ತೇವ ಹಿಡಿದುಕೊಳ್ಳುತ್ತದೆ. ಒಣಗಿದ್ದಕ್ಕೂ ಒದ್ದೆಗೂ ನಡುವೆ ಒಂದು ಗೆರೆ ಏಳುತ್ತದೆ, ಅಲ್ಲಿಯವರೆಗೆ ತಾವಿದ್ದೀರಿ. ಗೆರೆ ತುಸು ಹೊತ್ತು ನಿಂತು ಅಳಿಸಿಹೋಗುತ್ತದೆ, ಅಷ್ಟರಲ್ಲಿ ಬೆರಳಿಟ್ಟು ಗುರುತು ಮಾಡಿಕೊಳ್ಳಬೇಕು. ಕೊನೆಯ ಹನಿಗಾಗಿ ತಮ್ಮನ್ನು ಅಡ್ಡ ಮಲಗಿಸುವವರೂ, ಬಿಸಿನೀರಿನಲ್ಲಿ ನಿಲ್ಲಿಸುವವರೂ ಇದ್ದಾರೆ. ಅದು ಅಪಾಯವೆಂದು ನಾನು ಆ ಸಾಹಸಕ್ಕೆ ಹೋಗಿಲ್ಲ. ಒಳಗೆ ಎಷ್ಟಿದೆಯೆಂದು ಹೊರಗೇ ಕಾಣುವ ಫೈಬರ್ ಸಿಲಿಂಡರುಗಳು 2021ರಲ್ಲೇ ಬಂದಿವೆಯಂತೆ, ಅವುಗಳಿಗೆ ಠೇವಣಿ ಹೆಚ್ಚು. ತಮ್ಮ ಠೇವಣಿಯೇ 2022ರ ಜೂನ್‌ನಲ್ಲಿ 1,450ರಿಂದ 2,200 ರೂಪಾಯಿಗೆ ಏರಿತು. ದುಡ್ಡು ಕೊಟ್ಟು ಕೊಂಡದ್ದರಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ಇನ್ನಷ್ಟು ದುಡ್ಡು ಕೊಡಬೇಕು ಎಂಬ ಈ ವ್ಯವಸ್ಥೆಯ ಮುಂದೆ ನನ್ನ ಒದ್ದೆ ಬಟ್ಟೆಯ ಶಾಸ್ತ್ರ ತೀರಾ ಬಾಲಿಶ.

ತಮಗೆ ದ್ರೋಹ ಬಗೆಯುವ ಯೋಚನೆ ಬಂದದ್ದನ್ನೂ ಮುಚ್ಚಿಡುವುದಿಲ್ಲ. ಕರೆಂಟು 200 ಯೂನಿಟ್‌ವರೆಗೆ ಉಚಿತವಲ್ಲವೇ, ಇಂಡಕ್ಷನ್ ಒಲೆ ತಂದರೆ ಹೇಗೆ ಎಂದು ಲೆಕ್ಕ ಹಾಕಿದೆ. ಆ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ನಿಯಮ ಓದಿದ ಮೇಲೆ ಗೊತ್ತಾಯಿತು: 2022–23ರಲ್ಲಿ ನಾವು ಬಳಸಿದ ಸರಾಸರಿಗೆ ಶೇಕಡ 10 ಸೇರಿಸಿದರೆ ಎಷ್ಟೋ ಅಷ್ಟೇ ನಮ್ಮ ಪಾಲಿನ ಉಚಿತ. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಎರಡು ಸಾವಿರ ವಾಟ್ಸಿನ ಒಲೆ ದಿನಕ್ಕೊಂದು ಗಂಟೆ ಪೂರ್ತಿ ಕಾವಿನಲ್ಲಿ ಉರಿದರೆ ತಿಂಗಳಿಗೆ 60 ಯೂನಿಟ್. ಆ ವರ್ಷ ಫ್ಯಾನು ಆರಿಸಿ, ದೀಪ ಆರಿಸಿ, ಜೋಪಾನವಾಗಿ ಬಾಳಿದ ಮನೆಗೆ ಕಡಿಮೆ ಉಚಿತ, ಧಾರಾಳವಾಗಿ ಉರಿಸಿದ ಮನೆಗೆ ಹೆಚ್ಚು. ಮಿತವ್ಯಯಕ್ಕೆ ಸಿಕ್ಕ ಈ ಬಹುಮಾನ ಕಂಡು ಮರಳಿ ತಮ್ಮ ಪಾದಕ್ಕೇ ಬಿದ್ದಿದ್ದೇನೆ.

ಕೊನೆಯದಾಗಿ ಒಂದು ಸಂಕಟ. ತಮ್ಮನ್ನು ಹೊಸದಾಗಿ ಜೋಡಿಸಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ, ‘ಹಾಲು ಇಲ್ಲ’ಗಳ ನಡುವೆ, ‘ಗ್ಯಾಸ್ ಹಾಕಿದ್ದು’ ಎಂದು ಬರೆದು ಸುತ್ತು ಹಾಕುತ್ತೇನೆ. ತಾವು ಮುಗಿದ ದಿನ ಮನೆಯ ಎಲ್ಲರೂ ಆ ಕ್ಯಾಲೆಂಡರಿನ ಮುಂದೆ ಸೇರಿ ಹಾಳೆ ಹಿಂದಕ್ಕೆ ತಿರುಗಿಸುತ್ತಾರೆ. ‘ಇಷ್ಟು ಬೇಗ ಮುಗೀತಾ?’ ಎಂಬ ಪ್ರಶ್ನೆ ಹುಟ್ಟುತ್ತದೆ, ಎಲ್ಲ ಕಣ್ಣುಗಳೂ ನನ್ನ ಕಡೆ ತಿರುಗುತ್ತವೆ. ಮೂರನೇ ಸಲ ಕಾಫಿ ಬೇಡಿದ ನಮ್ಮ ಯಜಮಾನರು ‘ಸಿಮ್ಮಲ್ಲಿಟ್ಟು ಮಾಡಬಾರದಾ’ ಅನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ ನೂಡಲ್ಸ್ ಬೇಯಿಸಿಕೊಂಡ ಮಗರಾಯ ಮುಚ್ಚಳ ಮುಚ್ಚಿ ಬೇಯಿಸಿದರೆ ಎಷ್ಟು ಉಳಿತಾಯ ಎಂದು ವಿವರಿಸುತ್ತಾನೆ. ಬೆಲೆ ಏರಿಸಿದವರನ್ನು, ತೂಕ ತೋರಿಸದವರನ್ನು, ಸಬ್ಸಿಡಿ ನಿಲ್ಲಿಸಿದವರನ್ನು ಕ್ಯಾಲೆಂಡರಿನ ಮುಂದೆ ನಿಲ್ಲಿಸಿ ಯಾರೂ ಕೇಳುವುದಿಲ್ಲ. ಮನೆಯ ಉಳಿತಾಯದ ಲೆಕ್ಕದಲ್ಲಿ ಗ್ಯಾಸಿಗೆ ಕಿಲೋ ಲೆಕ್ಕ, ಕರೆಂಟಿಗೆ ಯೂನಿಟ್ ಲೆಕ್ಕ. ಕಾಳು ನೆನೆಸಿ, ಬರ್ನರ್ ಕೆರೆದು, ಉರಿ ಕಾಯ್ದ ನನ್ನ ಹೊತ್ತಿಗೆ ಮಾತ್ರ ಯಾವ ತಕ್ಕಡಿಯೂ ಇಲ್ಲ, ಮೀಟರೂ ಇಲ್ಲ.

ಆದಕಾರಣ ತಮ್ಮಲ್ಲಿ ಕೈ ಮುಗಿದು ಬೇಡುವುದು ಇಷ್ಟು. ತಮ್ಮ ಮೈಮೇಲೆ, ಹೆಚ್ಚುವರಿ ಠೇವಣಿಯಿಲ್ಲದೆ, ಒಳಗಿರುವುದನ್ನು ತೋರಿಸುವ ಒಂದು ಸಣ್ಣ ಕಿಂಡಿ ಆಗಲಿ. ತಕ್ಕಡಿ ತಮ್ಮ ಜೊತೆಯಲ್ಲೇ ಮಹಡಿ ಹತ್ತಿ ಬರಲಿ, ತಮ್ಮನ್ನು ಹೊರುವ ಹುಡುಗನ ಕೂಲಿಯನ್ನು ಕೊಡಬೇಕಾದವರೇ ಕೊಡಲಿ. ಇಳಿಯುವಾಗ ಶುಭಾಶಯ ಕೋರುವ ತಾವು ಏರುವಾಗ ಒಂದು ಸಂತಾಪ ಸೂಚನೆಯನ್ನಾದರೂ ಕಳುಹಿಸಿ. ಇವು ಯಾವುದೂ ಆಗದಿದ್ದರೂ ಕೊನೆಯದೊಂದನ್ನು ದಯಪಾಲಿಸಿ: ಮುಂದಿನ ಸಲ ತಾವು ಮುಗಿದಾಗ ‘ಇಷ್ಟು ಬೇಗ ಮುಗೀತಾ?’ ಎಂದು ಯಾರಾದರೂ ಕೇಳಿದರೆ, ಉತ್ತರ ತಾವೇ ಕೊಡಬೇಕು. ನಾನು ಇಷ್ಟು ವರ್ಷ ಕೊಟ್ಟದ್ದು ಸಾಕು.

ಇಂತಿ ತಮ್ಮ ಪಾದಸೇವಕಿ,
ಸಿಮ್ಮಿನ ಗುಂಡಿಯ ಮೇಲೆ ಸದಾ ಕೈಯಿಟ್ಟಿರುವ ಗೃಹಿಣಿ